ಎರಡು ಹಾವಿಗೆ ಎರಡು ಪೆಟ್ಟಿಗೆ

ಹಾವಿನ ಪೆಟ್ಟಿಗೆ ನಮ್ಮ ಮನೆಗೆ ಬಂದ ದಿನ ಅತ್ತೆಯವರು ತಮ್ಮ ಹಾಸಿಗೆ, ತಂಬಿಗೆ, ಎಲೆ-ಅಡಿಕೆಯ ಚೀಲ ಎತ್ತಿಕೊಂಡು ಹೊರಗಿನ ಪಡಸಾಲೆಗೆ ಹೋದರು. ನಾನು ಹಿಂದೆಯೇ ಹೋಗಿ, "ಅತ್ತೀ, ಒಳಗ ಬರ್ರಿ, ಕೀಲಿ ಹಾಕೇವ್ರಿ" ಎಂದೆ. ಅವರು ಹಾಸಿಗೆ ಬಿಡಿಸುತ್ತ, "ನಿಮ್ಮ ಕೀಲಿ ನನ್ನ ಕಣ್ಣಿಗೆ ಹಾಕಾಕ ಬರತೈತೇನ?" ಎಂದರು.

ಸ್ವಾತಂತ್ರ್ಯ ಬಂದ ಮರುವರ್ಷ ಅವರ ಕಿರಿಯ ಮಗನಿಗೆ, ನನ್ನ ಮೈದುನನಿಗೆ, ಮುಳಗುಂದದ ಹೊಲದಲ್ಲಿ ಜೋಳದ ಸಿವುಡು ಎತ್ತುವಾಗ ನಾಗರಹಾವು ಕಚ್ಚಿತ್ತು. ಚಕ್ಕಡಿ ಹೂಡಿ ಗದಗಿಗೆ ತಂದರು. ದವಾಖಾನೆಯಲ್ಲಿ ಡಾಕ್ಟರು ಇದ್ದರು, ಔಷಧ ಇರಲಿಲ್ಲ. ಅದು ಮುಂಬೈಯಿಂದ ಬರಬೇಕು ಎಂದರಂತೆ. ಆಗ ನನ್ನ ಮದುವೆಯಾಗಿ ಎಂಟು ತಿಂಗಳಾಗಿತ್ತು. ಮೈದುನನ ಮುಖ ನನಗೆ ಸರಿಯಾಗಿ ಪರಿಚಯವಾಗುವ ಮೊದಲೇ ಅವನು ಹೋದ.

ನಮ್ಮವರು ಗದಗಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ತಮ್ಮ ಸತ್ತ ಮೇಲೆ ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಪತ್ರ ಬರೆಯುವುದನ್ನು ನೋಡಿದೆ. ಮುಂಬೈಯಲ್ಲಿ ಆ ಔಷಧ ತಯಾರಿಸುವವರಿಗೆ ಬರೆದರು, ಉತ್ತರ ಬರದಿದ್ದರೆ ಮತ್ತೆ ಬರೆದರು. ಕೊನೆಗೊಂದು ಉತ್ತರ ಬಂತು. ಹಾವಿನ ವಿಷದಿಂದಲೇ ಆ ಔಷಧ ಆಗಬೇಕು, ಅದಕ್ಕೆ ಹಾವು ಬೇಕು. ಹಿಡಿದು ರೈಲಿನಲ್ಲಿ ಕಳಿಸಿದ ಹಾವುಗಳು ಆಹಾರ ಮುಟ್ಟದೆ ಸಾಯುತ್ತವೆ. ಪಂಜರದಲ್ಲೇ ಮರಿ ಮಾಡಿಸಿ ಬೆಳೆಸಿದ ಹಾವು ಸಿಕ್ಕರೆ ಅನುಕೂಲ, ಆದರೆ ಅದು ಸುಲಭದ ಕೆಲಸವಲ್ಲ. ಈ ಅರ್ಥದ ನಾಲ್ಕು ಸಾಲು. ಆ ಕಾಗದವನ್ನು ನಮ್ಮವರು ಎಷ್ಟು ಸಲ ಓದಿದರೆಂದರೆ ಮಡಿಕೆಯ ಜಾಗದಲ್ಲಿ ಹರಿದೇ ಹೋಯಿತು.

ಆಗ ನಾವು ಗದಗಿಗೆ ಹತ್ತಿದ ಬೆಟಗೇರಿಯಲ್ಲಿ ಬಾಡಿಗೆಗೆ ಇದ್ದೆವು. ನಾನು ನೇಕಾರರ ಮಗಳು, ತವರುಮನೆ ಎರಡು ಓಣಿ ಆಚೆಗೇ ಇತ್ತು. ನಮ್ಮ ಗೋಡೆಗೆ ಹತ್ತಿಕೊಂಡೇ ಇನ್ನೊಂದು ನೇಕಾರರ ಮನೆ. ಆ ಮನೆಯ ಯಜಮಾನರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಚಿಗವ್ವ. ಬೆಳಗಾದರೆ ಕಾಕಾ ನೆಲದಲ್ಲಿ ಗುಂಡಿ ತೋಡಿ ಹೂಡಿದ ಕುಣಿಮಗ್ಗಕ್ಕೆ ಇಳಿಯುವರು. ಕಾಲು ಕುಣಿಯೊಳಗೆ, ಕೈ ಲಾಳಿಯ ಹಗ್ಗಕ್ಕೆ. ಆ ಸದ್ದಿಲ್ಲದೆ ನನಗೆ ಹೊತ್ತು ಹೋಗುತ್ತಿರಲಿಲ್ಲ.

ಮೊದಲ ಹಾವು ತಂದುಕೊಟ್ಟವನು ಶಿರಹಟ್ಟಿ ಕಡೆಯ ಒಬ್ಬ ಮುದುಕ. ಕಪ್ಪತಗುಡ್ಡದ ಅಂಚಿನ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಹಾವು ಹೊಕ್ಕರೂ ಅವನನ್ನೇ ಕರೆಯುವರು. ನಾವು ಅಜ್ಜ ಎನ್ನುತ್ತಿದ್ದೆವು. ಎರಡನೆಯದನ್ನು ನಮ್ಮವರು ಲಕ್ಷ್ಮೇಶ್ವರದ ಸಂತೆಯಲ್ಲಿ ಬೇರೆ ಯಾರಿಂದಲೋ ತಂದರು. "ಇದು ಹೆಣ್ಣು" ಎಂದು ಕೊಟ್ಟವನು ಆಣೆ ಮಾಡಿ ಹೇಳಿದ್ದನಂತೆ. ಹತ್ತಿಯ ಅಡತಿ ಅಂಗಡಿಯಲ್ಲಿ ಬಿದ್ದಿದ್ದ ದೊಡ್ಡ ತೇಗದ ಪೆಟ್ಟಿಗೆಗೆ ಒಂದು ಬದಿ ಗಾಜು ಕೂಡಿಸಿ, ಮುಚ್ಚಳದಲ್ಲಿ ಆಹಾರ ಹಾಕಲು ಅಂಗೈಯಗಲದ ಕಿಂಡಿ ಕೊರೆಸಿ, ಎರಡನ್ನೂ ಅದರಲ್ಲೇ ಬಿಟ್ಟರು.

ಅಜ್ಜ ಅದನ್ನು ನೋಡಿ ತಲೆ ಅಲ್ಲಾಡಿಸಿದ. "ಮಾಸ್ತರ, ಜೋಡಿ ಇಡಬ್ಯಾಡ್ರಿ."

"ಯಾಕಜ್ಜಾ? ಅಡವ್ಯಾಗ ಅವಕ್ಕ ಬ್ಯಾರೆ ಬ್ಯಾರೆ ಕೋಣಿ ಯಾರು ಕಟ್ಟಿಕೊಟ್ಟಾರ?"

"ಅಡವ್ಯಾಗ ಬಾಗಲಾ ಇಲ್ರಿ. ಬ್ಯಾಸರಾದ್ರ ಎದ್ದು ಹೋಗತಾವ. ಇಲ್ಲಿ ಎಲ್ಲಿಗೆ ಹೋಗಬೇಕು?"

ನಮ್ಮವರು ನಕ್ಕರು. ಗಂಡು ಹೆಣ್ಣು ಕೂಡಿ ಇರದೆ ಮರಿ ಎಲ್ಲಿಂದ ಬರಬೇಕು ಎಂಬುದು ಅವರ ಲೆಕ್ಕ. ಆಗ ನನಗೂ ಅದೇ ಸರಿ ಅನಿಸಿತ್ತು.

ಚಳಿಗಾಲ ಬಂತು. ಒಂದು ಮಧ್ಯಾಹ್ನ ಒಳಕೋಣೆಯಿಂದ ಬಡಿದ ಸದ್ದು ಕೇಳಿ ಹೋಗಿ ನೋಡಿದರೆ, ಎರಡೂ ಹಾವು ಒಂದಕ್ಕೊಂದು ಹೆಣೆದುಕೊಂಡು ಮುಚ್ಚಳ ಮುಟ್ಟುವಷ್ಟು ಎತ್ತರ ಎದ್ದಿದ್ದವು. ಒಂದರ ತಲೆ ಮೇಲೆ, ಮತ್ತೊಂದರದು ಕೆಳಗೆ. ಮತ್ತೆ ಅದರದು ಮೇಲೆ. ನಾನು ಚಿಗವ್ವನನ್ನು ಕರೆದೆ. ಅವಳು ಓಣಿಯನ್ನೇ ಕರೆದಳು. ಹೆಂಗಸರು ಕೈ ಮುಗಿದರು. ಒಬ್ಬಾಕೆ ಓಡಿಹೋಗಿ ಹೊಸ ಬಿಳಿಯ ಬಟ್ಟೆ ತಂದು, ನಾಗಪ್ಪ ಕೂಡುವಾಗ ಅದರ ಮೇಲೆ ಹಾಸಿದ ಬಟ್ಟೆ ಮನೆಯಲ್ಲಿದ್ದರೆ ಒಳ್ಳೆಯದಾಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಹೊದಿಸಿದಳು. ಶಾಲೆಯಿಂದ ಬಂದ ನಮ್ಮವರ ಸಂತೋಷ ಹೇಳತೀರದು. ಅಂದೇ ಮುಂಬೈಗೆ ಪತ್ರ ಹೋಯಿತು.

ಹದಿನೈದು ದಿನ ಬಿಟ್ಟು ಬಂದ ಅಜ್ಜ ಎರಡರ ಬಾಲವನ್ನೂ ಹಿಡಿದು ಬೆರಳಲ್ಲಿ ಒತ್ತಿ ನೋಡಿದ. "ಎರಡೂ ಗಂಡು ಅದಾವ ಮಾಸ್ತರ. ಅವತ್ತು ಕೂಡಿದ್ದಲ್ಲ, ಕುಸ್ತಿ ಹಿಡದಿದ್ದು."

ಸೋತ ಹಾವು ಅಂದಿನಿಂದ ಮೂಲೆಯಲ್ಲಿ ಸುತ್ತಿಕೊಂಡು ಬಿದ್ದಿತ್ತು. ಇಲಿ ಹಾಕಿದರೂ ತಲೆ ಎತ್ತುತ್ತಿರಲಿಲ್ಲ, ಬೆನ್ನೆಲುಬು ಎದ್ದು ಕಾಣುತ್ತಿತ್ತು. ಗೆದ್ದದ್ದು ಪೆಟ್ಟಿಗೆಯ ನಡುವೆ ಮಲಗುತ್ತಿತ್ತು. ಅಜ್ಜ ಸೋತದ್ದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೋದ. ಬೇಸಿಗೆ ಕಳೆದು ಮೊದಲ ಮಳೆಯಾದ ಮೇಲೆ ಒಂದು ಹೆಣ್ಣನ್ನು ತಂದ. ನಮ್ಮವರು ಅದನ್ನೂ ಅದೇ ಪೆಟ್ಟಿಗೆಯಲ್ಲೇ ಬಿಟ್ಟರು. ಮೊದಲು ಇಟ್ಟದ್ದು ಎರಡು ಗಂಡು, ಅದಕ್ಕೇ ಕೆಟ್ಟಿತು. ಈಗ ಅಡ್ಡಿಯಿಲ್ಲ ಎಂದರು.

ಅವರು ಶಾಲೆಗೆ ಹೋದ ಮೇಲೆ ದಿನವೆಲ್ಲ ಹಾವುಗಳ ಜೊತೆ ಇರುತ್ತಿದ್ದವಳು ನಾನು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಬರೆಯಲು ಬರುತ್ತಿತ್ತು. ಹಾವು ಏನು ಮಾಡುತ್ತವೆ ಎಂದು ಒಂದು ವಹಿಯಲ್ಲಿ ಬರೆದಿಡು ಎಂದು ಅವರೇ ಹೇಳಿದ್ದರು. ಬರೆಯುತ್ತ ಬರೆಯುತ್ತ ನನಗೆ ಒಂದು ಕಂಡಿತು. ಗಂಡು ಮಲಗಿದ್ದಾಗ ಮಾತ್ರ ಹೆಣ್ಣು ನೀರು ಕುಡಿಯುತ್ತಿತ್ತು. ಗಂಡು ಎದ್ದರೆ ಅದು ಗಾಜಿಗೆ ಮೂತಿ ಒತ್ತಿ ನಿಲ್ಲುತ್ತಿತ್ತು. ನಾನಿದನ್ನು ಹೇಳಿದಾಗ ಅವರು, "ಹೊಸಾದು, ರೂಢಿ ಆಗತೈತಿ ಬಿಡು" ಎಂದರು. ಹೊಸ ಸೊಸೆಯ ಬಗ್ಗೆಯೂ ಇದೇ ಮಾತನ್ನೇ ಅನ್ನುತ್ತಾರಲ್ಲ ಎಂದುಕೊಂಡೆ.

ಆ ವರ್ಷ ದಸರೆಗೆ ಮುಂಚೆ ಪರೀಕ್ಷೆಯ ಕೆಲಸಕ್ಕೆ ಅವರನ್ನು ಮುಂಡರಗಿಗೆ ಕಳಿಸಿದರು. ನಾಲ್ಕು ದಿನ. ಹೋಗುವಾಗ, ಭಾನುವಾರ ಎರಡು ಕಪ್ಪೆ ಹಾಕು, ಕಿಂಡಿಯಿಂದ ಹಾಕು, ಮುಚ್ಚಳ ತೆರೆಯಬೇಡ ಎಂದು ಮೂರು ಸಲ ಹೇಳಿದರು.

ಭಾನುವಾರ ಊಟದ ಹೊತ್ತಿಗೆ ಕಪ್ಪೆ ಹಾಕಿದೆ. ಒಂದು ಕಪ್ಪೆ ನೀರಿನ ತಟ್ಟೆಯ ಹಿಂದೆ ಅಡಗಿತು. ಇನ್ನೊಂದು ನಡುವೆ ಕುಪ್ಪಳಿಸಿತು. ಹೆಣ್ಣು ಅದರ ತಲೆ ಹಿಡಿಯಿತು, ಅದೇ ಕ್ಷಣಕ್ಕೆ ಗಂಡು ಅದರ ಹಿಂಗಾಲು ಹಿಡಿಯಿತು. ಎರಡೂ ಬಿಡಲಿಲ್ಲ. ಎರಡೂ ದವಡೆ ಮುಂದಕ್ಕೆ ಸರಿಸುತ್ತ ನುಂಗತೊಡಗಿದವು. ನಾನು ಗಾಜಿನ ಮುಂದೆ ನಿಂತಿದ್ದೆ, ಒಂದು ಬಿಡಬಹುದು, ಈಗ ಬಿಡಬಹುದು ಎಂದುಕೊಳ್ಳುತ್ತ. ಕಪ್ಪೆ ಕಾಣದಾಯಿತು. ಎರಡು ಬಾಯಿ ಒಂದಕ್ಕೊಂದು ತಾಗಿದವು. ಗಂಡಿನ ಬಾಯಿ ದೊಡ್ಡದು. ಅದು ನಿಲ್ಲಿಸಲಿಲ್ಲ. ಕಪ್ಪೆಯ ಹಿಂದೆ ಹೆಣ್ಣಿನ ಮೂತಿ, ಆಮೇಲೆ ಕಣ್ಣು ಅದರ ಬಾಯೊಳಗೆ ಹೋದವು. ಹೆಣ್ಣಿನ ಮೈ ಪೆಟ್ಟಿಗೆಯ ತುಂಬ ಬಡಿದುಕೊಳ್ಳುತ್ತಿತ್ತು.

"ಅತ್ತೀ!" ಎಂದು ಚೀರಿದೆ.

ಒಂದು ವರ್ಷದಿಂದ ಅತ್ತೆಯವರು ಆ ಕೋಣೆಯ ಹೊಸ್ತಿಲು ತುಳಿದಿರಲಿಲ್ಲ. ಬಂದರು, ಗಾಜಿನ ಮುಂದೆ ನಿಂತರು. ಸಾಯಲಿ ಬಿಡು ಎನ್ನುತ್ತಾರೆ ಎಂದುಕೊಂಡೆ. ಅಂದಿದ್ದರೆ ನಾನು ಅವರದು ತಪ್ಪು ಎನ್ನುತ್ತಿರಲಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ, "ಹೆಣ್ಣು ಯಾವುದು?" ಎಂದರು.

"ಒಳಗ ಹೋಗಾಕತ್ತೇತಲ್ರಿ, ಅದು."

"ಉಸರು ಐತೇನು ಅದಕ್ಕ?"

"ಇನ್ನ ಐತ್ರಿ."

"ಮತ್ತ ನೋಡಕೋಂತ ನಿಂತಿಯಲ್ಲ! ಬಾಯಿ ಉರಿಯುವಂಥಾದ್ದು ಏನರ ಹಾಕು, ಬಿಡತೈತಿ."

ಪೆಟ್ಟಿಗೆಯ ಗಾಜು ಒರೆಸಲು ನಮ್ಮವರು ಶಾಲೆಯಿಂದ ತಂದಿದ್ದ ಸ್ಪಿರಿಟ್ ನೆನಪಾಯಿತು. ಆದರೆ ಕಿಂಡಿಯಿಂದ ಸುರಿದರೆ ಎಲ್ಲೋ ಬೀಳುತ್ತದೆ, ಕೈ ಹಾಕುವಂತಿಲ್ಲ. ಅತ್ತೆಯವರು ಒಲೆಯ ಹತ್ತಿರ ಹೋಗಿ ಊದುಗೊಳವೆ ತಂದರು. ಅದರ ತುದಿಯನ್ನು ಕಿಂಡಿಯೊಳಗೆ ಇಳಿಸಿ ನಾನು ಗಂಡಿನ ಬಾಯಿಯ ಅಂಚಿಗೆ ಗುರಿ ಹಿಡಿದೆ. ಅವರು ಮೇಲಿಂದ ಸ್ಪಿರಿಟ್ ಹನಿಸಿದರು. ಗುರಿ ತಪ್ಪಿ ಮೊದಲ ಹನಿಗಳು ಮಣ್ಣಿಗೆ ಬಿದ್ದವು. "ಸರಿಯಾಗಿ ಹಿಡಿ, ಹುಡುಗಿ" ಎಂದರು. ಅವರ ಕೈ ಕಲ್ಲಿನಂತೆ ನಿಂತಿತ್ತು.

ಮತ್ತೊಮ್ಮೆ ಹನಿಸಿದಾಗ ಗಂಡಿನ ಮೈ ಸೆಟೆದುಕೊಂಡಿತು. ಬಾಯಿ ಅಗಲ ಮಾಡಿ ತಲೆ ಹಿಂದಕ್ಕೆ ಎಳೆಯಿತು. ಹೆಣ್ಣಿನ ತಲೆ ಲೋಳೆ ಮೆತ್ತಿಕೊಂಡು ಹೊರಬಂತು, ಅದರ ಬಾಯಲ್ಲಿ ಕಪ್ಪೆ ಇನ್ನೂ ಇತ್ತು. ಅದು ಸತ್ತಂತೆ ಬಿತ್ತು. ಗಂಡು ಹೆಡೆ ಎತ್ತಿ ಗಾಜಿಗೆ ಬಡಿಯಿತು, ಒಮ್ಮೆ, ಎರಡು ಸಲ. ಈಗ ಎರಡರ ನಡುವೆ ಏನಾದರೂ ಇಡಲೇಬೇಕಿತ್ತು. ನಾನು ಮುಚ್ಚಳವನ್ನು ನಾಲ್ಕು ಬೆರಳಷ್ಟು ಎತ್ತಿದೆ. ಅತ್ತೆಯವರು ಊಟಕ್ಕೆ ಕೂಡುವ ಮಣೆಯನ್ನು ಆ ಸಂದಿಯಿಂದ ಅಡ್ಡವಾಗಿ ಇಳಿಸಿದರು. ಗಂಡು ಮಣೆಯನ್ನೇ ಕಚ್ಚಿತು. ಹಲ್ಲು ಕಟ್ಟಿಗೆಗೆ ತಾಗಿದ ಸದ್ದು ಕೇಳಿತು. ಅವರ ಬೆರಳು ಅದಕ್ಕಿಂತ ಒಂದು ಗೇಣು ಮೇಲಿದ್ದವು. ಅವರು ಮಣೆ ಬಿಡಲಿಲ್ಲ, ನೆಲ ಮುಟ್ಟುವತನಕ ಒತ್ತಿದರು. ನಾನು ಮುಚ್ಚಳ ಹಾಕಿ ಅದರ ಮೇಲೆ ಕುಳಿತುಬಿಟ್ಟೆ.

ಆಗ ಅತ್ತೆಯವರು ಗೋಡೆಗೆ ಒರಗಿ ನೆಲಕ್ಕೆ ಕುಳಿತರು. ನಾನು ನೀರು ಕೊಟ್ಟೆ. ಅರ್ಧ ಕುಡಿದು, "ಅವನಿಗೆ ಹೇಳು. ಹಿಂಗ ಒಂದ ಕಡೆ ಕೂಡಿ ಹಾಕೂದು ಪಾಪ" ಎಂದರು.

ನಮ್ಮವರು ಮುಂಡರಗಿಯಿಂದ ಬಂದಾಗ ಕೈಕಾಲು ತೊಳೆಯುವ ಮೊದಲೇ ಹೇಳಿದೆ. ಮುಚ್ಚಳ ತೆರೆದದ್ದಕ್ಕೆ ಅವರಿಗೆ ಸಿಟ್ಟು ಬಂತು. "ನಿನಗೇನರ ಆಗಿದ್ರ? ಯವ್ವಗ ಏನರ ಆಗಿದ್ರ?"

"ಆಗಿಲ್ಲಲ್ರಿ. ಇನ್ನ ಮ್ಯಾಲ ಎರಡನ್ನೂ ಒಂದ ಪೆಟ್ಟಿಗ್ಯಾಗ ಇಟ್ರ ನಾ ತವರಮನಿಗೆ ಹೋಗ್ತೇನಿ. ನೀವು ಶಾಲಿ ಬಿಟ್ಟು ಕಾಯಕೋಂತ ಕುಂಡ್ರಿ."

"ಬ್ಯಾರೆ ಇಟ್ರ ಮರಿ ಹೆಂಗ ಆಗತಾವ?"

"ಕೂಡಿ ಇಟ್ಟಾಗ ಏನಾತು?"

ಅವರು ನನ್ನ ವಹಿ ತೆಗೆದು ಮೊದಲಿಂದ ಓದಿದರು. ಅಷ್ಟು ದಿನ ಅದನ್ನು ಅವರು ಓದಿರಲೇ ಇಲ್ಲ ಎಂದು ನನಗೆ ತಿಳಿದದ್ದು ಆಗ. ಮರುದಿನ ಬಡಿಗನ ಹತ್ತಿರ ಎರಡನೆಯ ಪೆಟ್ಟಿಗೆ ಮಾಡಿಸಲು ಹಾಕಿದರು.

ಹೆಣ್ಣು ಬದುಕಿತು, ಆದರೆ ಬೇರೆ ಪೆಟ್ಟಿಗೆಯಲ್ಲಿಯೂ ಆಹಾರ ಮುಟ್ಟಲಿಲ್ಲ. ದಿನವೆಲ್ಲ ಹೆಡೆ ಎತ್ತಿಕೊಂಡೇ ಇರುತ್ತಿತ್ತು. ಅದರ ಪೆಟ್ಟಿಗೆಯನ್ನು ಕಾಕಾನ ಮನೆಯ ಗೋಡೆಗೆ ಹಚ್ಚಿ ಇಟ್ಟಿದ್ದೆವು. ಒಮ್ಮೆ ಆಚೆ ಮಗ್ಗ ಒಮ್ಮೆಲೇ ನಿಂತಿತು. ನೂಲು ಹರಿದಿರಬೇಕು, ಹರಿದ ಎಳೆ ಗಂಟು ಹಾಕುವಷ್ಟು ಹೊತ್ತು ಮಗ್ಗ ಸುಮ್ಮನಿರುತ್ತದೆ. ಅದು ನನಗೆ ಹುಟ್ಟಿನಿಂದ ಗೊತ್ತು. ಆ ಹೊತ್ತಿನಲ್ಲೇ ಹಾವು ಹೆಡೆ ಇಳಿಸಿತು. ಮಗ್ಗ ಮತ್ತೆ ಬಡಿದಾಗ ಮತ್ತೆ ಎತ್ತಿತು. ಕಿವಿಗೆ ಕೇಳುವುದಿಲ್ಲ, ಹೊಟ್ಟೆಗೆ ನೆಲದ ಬಡಿತ ತಾಗುತ್ತದೆ ಎಂದು ನಮ್ಮವರು ಹೇಳಿದ್ದರು. ಪೆಟ್ಟಿಗೆಯನ್ನು ಕೋಣೆಯ ಇನ್ನೊಂದು ತುದಿಗೆ ಸರಿಸಿ, ಕೆಳಗೆ ಹತ್ತಿಕಾಳಿನ ಎರಡು ಚೀಲ ಹಾಸಿದೆವು. ಐದನೆಯ ದಿನ ಅದು ಇಲಿ ತಿಂದಿತು. ಅವತ್ತು ಒಂದೇ ಬಾಯಿ ಇತ್ತು, ಕಸಿಯುವವರು ಯಾರೂ ಇರಲಿಲ್ಲ. ನಾನು ಅದು ಪೂರ್ತಿ ನುಂಗುವವರೆಗೂ ಅಲ್ಲೇ ಕುಳಿತಿದ್ದೆ.

ಸಂಕ್ರಾಂತಿ ಕಳೆದ ವಾರ ಅಜ್ಜ ಬಂದ. ಈಗ ಕೂಡಿಸಬೇಕು ಎಂದ. "ಹಾವು ಸಂಸಾರ ಮಾಡೂದಿಲ್ಲ ತಂಗಿ. ಕೂಡತೈತಿ, ತನ್ನ ದಾರಿ ಹಿಡಿತೈತಿ. ನಾವು ಅದನ್ನಷ್ಟ ಮಾಡಿ ಕೊಡಬೇಕು." ಮೊದಲು ಎರಡಕ್ಕೂ ಬೇರೆ ಬೇರೆಯಾಗಿ ಹೊಟ್ಟೆ ತುಂಬ ತಿನ್ನಿಸಿದೆವು. ಆಮೇಲೆ ಅವನು ಹೆಣ್ಣನ್ನು ಕೋಲಿನ ಮೇಲೆ ಎತ್ತಿ ಗಂಡಿನ ಪೆಟ್ಟಿಗೆಗೆ ಬಿಟ್ಟ. ನಾಲ್ಕು ದಿನ, ಬೆಳಗಿನಿಂದ ಸಂಜೆಯತನಕ ಯಾರಾದರೊಬ್ಬರು ಕಾವಲು; ಕತ್ತಲಾಗುವ ಮೊದಲು ನಡುವೆ ಹಲಗೆ. ಎರಡು ದಿನ ಏನೂ ಆಗಲಿಲ್ಲ. ಹೆಣ್ಣು ಮೂಲೆ ಹಿಡಿದಿತ್ತು, ನನಗೆ ಆ ಕಪ್ಪೆಯ ದಿನವೇ ಕಣ್ಣಮುಂದೆ ಬರುತ್ತಿತ್ತು. ಸ್ಪಿರಿಟ್ ಸೀಸೆ, ಊದುಗೊಳವೆ ಕೈಗೆ ಸಿಗುವಲ್ಲಿ ಇಟ್ಟುಕೊಂಡಿದ್ದೆ. ಮೂರನೆಯ ದಿನ ಗಂಡು ಹೆಣ್ಣಿನ ಬೆನ್ನ ಮೇಲೆ ಗದ್ದ ಊರಿ ನಿಧಾನ ಸರಿಯಿತು. ಕುಸ್ತಿಯಂತೆ ಏಳಲಿಲ್ಲ, ಬಡಿದಾಡಲಿಲ್ಲ. ಎರಡರ ಬಾಲ ಹೆಣೆದುಕೊಂಡು ಬಹಳ ಹೊತ್ತು ಹಾಗೆಯೇ ಇದ್ದವು. ಈ ಸಲ ನಾನು ಯಾರನ್ನೂ ಕರೆಯಲಿಲ್ಲ.

ನಾಲ್ಕನೆಯ ದಿನ ಹೆಣ್ಣನ್ನು ಅದರ ಪೆಟ್ಟಿಗೆಗೆ ಮರಳಿ ತಂದೆವು. ಬೇಸಿಗೆಯಲ್ಲಿ, ಹಸಿ ಮಣ್ಣು ಮತ್ತು ಹೊಟ್ಟು ತುಂಬಿಟ್ಟ ಅಗಲ ಬಾಯಿಯ ಗಡಿಗೆಯೊಳಗೆ ಅದು ಹದಿನಾಲ್ಕು ತತ್ತಿ ಇಟ್ಟು, ಅವುಗಳ ಮೇಲೆಯೇ ಸುತ್ತಿಕೊಂಡು ಕುಳಿತಿತು. ಗದಗಿನ ಬಿಸಿಲು ನಿಮಗೆ ಗೊತ್ತಲ್ಲ. ಗಡಿಗೆಯ ಹೊರಮೈಗೆ ಒದ್ದೆ ಗೋಣಿ ಸುತ್ತಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತಿದ್ದೆ. ಅತ್ತೆಯವರು ಪಡಸಾಲೆಯಿಂದಲೇ ಕೇಳುವರು, "ಅದಾವೇನು?" "ಅದಾವ್ರಿ" ಎನ್ನುತ್ತಿದ್ದೆ. ಅಷ್ಟೇ ಮಾತು. ಒಳಗೆ ಬಂದು ಮಲಗಿರಿ ಎಂದು ಎಷ್ಟು ಸಲ ಕರೆದರೂ ಅವರು ಬರಲಿಲ್ಲ.

ಮೃಗಶಿರ ಮಳೆಯ ಹೊತ್ತಿಗೆ ಅಜ್ಜ ಬಂದು ತಾಯಿಯನ್ನು ಗಡಿಗೆಯಿಂದ ತೆಗೆದು ಪೆಟ್ಟಿಗೆಗೆ ಹಾಕಿದ. "ತತ್ತಿ ಇಟ್ಟಾಗಿಂದ ಏನೂ ತಿಂದಿಲ್ಲ ಇದು. ಮರಿ ಬರೂ ಹೊತ್ತಿಗೆ ತಾಯಿ ಆದ್ರೇನು, ಹಸವು ಹಸವ." ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಮರಿ ಹುಟ್ಟಿದ ಗಳಿಗೆಯಿಂದಲೇ ಅದರ ಹಲ್ಲಲ್ಲಿ ವಿಷವಿರುತ್ತದೆ, ಸಣ್ಣದೆಂದು ಸಲಿಗೆ ಬೇಡ ಎಂದು ಹೇಳಿ ಹೋದ.

ಆಗ ಊರ ತುಂಬ ಕನ್ನಡನಾಡು ಒಂದಾಗಬೇಕೆಂಬ ಮಾತೇ ಮಾತು. ನಾವಿದ್ದದ್ದು ಮುಂಬೈ ರಾಜ್ಯದಲ್ಲಿ, ತುಂಗಭದ್ರೆಯ ಆಚೆ ಬೇರೆಯದೇ ಸರಕಾರ. ನಮ್ಮವರು ಹುಬ್ಬಳ್ಳಿಯ ಒಂದು ಸಭೆಗೆ ಹೋದರು, ಸಂಜೆಯ ಗಾಡಿಗೆ ಬರುತ್ತೇನೆ ಎಂದರು. ಸಂಜೆ ಬಂದದ್ದು ಅವರ ಜೊತೆಯ ಮಾಸ್ತರರೊಬ್ಬರು. ಸಭೆಯಲ್ಲಿ ಗದ್ದಲವಾಗಿ ಪೊಲೀಸರು ಒಂದಿಷ್ಟು ಜನರನ್ನು ಹಿಡಿದಿದ್ದಾರೆ, ಅವರಲ್ಲಿ ಇವರೂ ಇದ್ದಾರೆ, ಯಾವಾಗ ಬಿಡುತ್ತಾರೋ ಗೊತ್ತಿಲ್ಲ ಎಂದರು. ಅತ್ತೆಯವರು ಆ ಖಬರ ಕೇಳಿ, ಕೈಯಲ್ಲಿದ್ದ ಎಲೆಯನ್ನು ಮಡಚುತ್ತಲೇ ಇದ್ದರು, ಬಾಯಿಗೆ ಹಾಕಲಿಲ್ಲ.

ಮರುದಿನ ತತ್ತಿ ಸೀಳಿದವು. ಎರಡು ದಿನ ಅವು ಹೊರಬರುತ್ತಲೇ ಇದ್ದವು. ಸುತ್ತಿದ ಗೋಣಿಯನ್ನು ಬಿಚ್ಚಿ, ಬಟ್ಟೆಯ ತೆಳು ನೇಯ್ಗೆಯ ಮೂಲಕ ಎಣಿಸುತ್ತಿದ್ದೆ. ಮೂರನೆಯ ದಿನ ಬೆಳಿಗ್ಗೆ ಸೀಳಿದ ಚಿಪ್ಪು ಹನ್ನೆರಡು ಇದ್ದವು, ಎರಡು ತತ್ತಿ ಕೆಟ್ಟು ಕಪ್ಪಾಗಿದ್ದವು. ಮರಿ ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದು. ಗಡಿಗೆಯ ಕಂಠದಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಅಲ್ಲಿ ದಾರ ಸಡಿಲಾಗಿ, ಬಟ್ಟೆಯ ಕೆಳಗೆ ಕಿರುಬೆರಳು ಹೋಗುವಷ್ಟು ಸಂದಿ ಬಿದ್ದಿತ್ತು.

ಅತ್ತೆಯವರಿಗೆ ಹೇಳಿದೆ. ಇಬ್ಬರೂ ಕೋಣೆಯ ಒಂದೊಂದೇ ವಸ್ತು ಎತ್ತಿ ನೋಡಿದೆವು. ಹತ್ತಿಕಾಳಿನ ಚೀಲ, ಪೆಟ್ಟಿಗೆಗಳ ಅಡಿ, ಮೂಲೆಯ ಹಗ್ಗದ ಸುರುಳಿ. ಗೋಡೆಯ ಬುಡದಲ್ಲಿ, ಮಣ್ಣು ಉದುರಿದ ಒಂದು ತೂತು ಕಂಡಿತು. ಇಲಿಯ ದಾರಿ. ನಾನು ಅದರ ಮುಂದೆ ಮೊಣಕಾಲೂರಿ ಕುಳಿತೆ. ಆಚೆಯಿಂದ ಕಾಕಾನ ಮಗ್ಗದ ಸದ್ದು ಬರುತ್ತಿತ್ತು. ಮಗ್ಗ ನಡೆಯುತ್ತಿದೆ ಎಂದರೆ ಕಾಕಾ ಕುಣಿಯಲ್ಲಿ ಕಾಲು ಬಿಟ್ಟಿದ್ದಾರೆ. ಕುಣಿ ತಂಪು, ಕತ್ತಲು.

ಹೇಗೆ ಓಡಿದೆನೋ ತಿಳಿಯದು. ಅವರ ಬಾಗಿಲಲ್ಲಿ ನಿಂತು, "ಕಾಕಾ, ಕಾಲು ಮ್ಯಾಲ ತಗೋರಿ!" ಎಂದು ಕೂಗಿದೆ.

ಕಾಕಾ ನಕ್ಕರು. "ಯಾಕ ಮಗಳ, ಇಷ್ಟ ಮುಂಜಾನೆ..."

"ಕಾಲು ತಗೋರಿ ಅಂದ್ನಲ್ಲ!"

ನನ್ನ ಮುಖ ನೋಡಿ ಅವರ ನಗೆ ನಿಂತಿತು. ಎರಡೂ ಕೈ ಅಂಚಿಗೆ ಊರಿ, ಕಾಲುಗಳನ್ನು ಕುಣಿಯಿಂದ ಎಳೆದುಕೊಂಡು ಹಿಂದಕ್ಕೆ ಬಿದ್ದರು. ಕಾಲಿಗೆ ಏನೂ ಆಗಿರಲಿಲ್ಲ. ಚಿಗವ್ವ ಅವರ ಪಾದ, ಬೆರಳ ಸಂದಿ ಎಲ್ಲ ತಿರುವಿ ತಿರುವಿ ನೋಡಿದಳು. ನಾನು ಆಗಲೇ ಕುಣಿಯ ಅಂಚಿನಲ್ಲಿ ಬೋರಲಾಗಿ ಬಾಗಿದ್ದೆ. ಕಪ್ಪು ಬಿಟ್ಟು ಏನೂ ಕಾಣಲಿಲ್ಲ. ಹಿಂದೆಯೇ ಬಂದ ಅತ್ತೆಯವರು ಚಿಗವ್ವನ ಕುಂಕುಮದ ಪೆಟ್ಟಿಗೆ ಇಸಿದುಕೊಂಡು, ಅದರ ಕನ್ನಡಿಯನ್ನು ಬಾಗಿಲ ಬಿಸಿಲಿಗೆ ಹಿಡಿದು, ಬೆಳಕಿನ ತುಣುಕನ್ನು ಕುಣಿಯೊಳಗೆ ಹಾಕಿದರು. ಬೆಳಕು ಗೋಡೆಯ ಮೇಲೆ ಹರಿಯಿತು, ತುಳಿಯುವ ಹಲಗೆಗಳ ಮೇಲೆ ಬಂತು, ಎಡಗಡೆಯ ಹಲಗೆಯ ಕೆಳಗೆ ನಿಂತಿತು.

ಅದು ಅಲ್ಲಿತ್ತು. ಕಾಕಾ ನಿಮಿಷಕ್ಕೆ ಎಷ್ಟು ಸಲ ತುಳಿಯುತ್ತಿದ್ದರೋ, ಅದೇ ಹಲಗೆಯ ಕೆಳಗೆ. ಬೆಳಕು ಬಿದ್ದೊಡನೆ ಗೇಣುದ್ದದ ಮೈಯಿಂದ ಹುಣಸೆಬೀಜದಷ್ಟು ಹೆಡೆ ಎತ್ತಿತು.

ಹೊರಗೆ ಜನ ಸೇರಿದ್ದರು. ಯಾರೋ ಕೋಲು ತಂದರು. "ಕೋಲು ಬ್ಯಾಡ, ಹೆದರಿ ಮತ್ತ ತೂತಿಗೆ ಹೊಕ್ಕರ ಮುಗೀತು" ಎಂದೆ. ಚಿಗವ್ವನ ಉಪ್ಪಿನಕಾಯಿಯ ಖಾಲಿ ಭರಣಿ, ಮಕ್ಕಳು ಬರೆಯುವ ಪಾಟಿ ಕೇಳಿದೆ. ನಾನೇ ಕುಣಿಗೆ ಇಳಿದೆ. ಎಷ್ಟು ಕುಣಿಯಲ್ಲಿ ಕುಳಿತು ಬೆಳೆದವಳು ನಾನು, ಆದರೆ ಅವತ್ತು ನನ್ನ ಪಾದ ನೆಲ ಮುಟ್ಟಲು ಒಲ್ಲೆ ಎಂದವು. ಅತ್ತೆಯವರು ಕನ್ನಡಿ ಅಲುಗಿಸಲಿಲ್ಲ. ಬೆಳಕು ಅದರ ಕಣ್ಣಿಗೇ ಬೀಳುವಂತೆ ಹಿಡಿದಿದ್ದರು. ನಾನು ಹಿಂದಿನಿಂದ ಭರಣಿ ಬೋರಲು ಹಾಕಿದೆ. ಅದು ಒಳಗಿಂದ ಭರಣಿಗೆ ಬಡಿದದ್ದು ಅಂಗೈಗೆ ತಾಗಿತು. ಪಾಟಿಯನ್ನು ಕೆಳಗೆ ಸರಿಸಿ, ಎರಡೂ ಕೈಯಿಂದ ಒತ್ತಿ ಹಿಡಿದು ಮೇಲೆ ಕೊಟ್ಟೆ. ಅತ್ತೆಯವರು ಕನ್ನಡಿ ಕೆಳಗಿಟ್ಟು ಇಸಿದುಕೊಂಡರು.

ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಕಾಕಾ ನಮ್ಮ ಕಟ್ಟೆಗೆ ಬಂದು ಕುಳಿತರು. "ನಾ ಏನೂ ಅನ್ನಂಗಿಲ್ಲ, ಮಗಳ. ಆದ್ರ ಮಗ್ಗಕ್ಕ ಇಳಿಯಾಕ ಹೋದ್ರ ನನ್ನ ಕಾಲು ಮಾತು ಕೇಳವಲ್ವು" ಎಂದರು. ಎರಡು ದಿನ ಕಳೆದರೂ ಆ ಮಗ್ಗ ಸುಮ್ಮನೇ ಇತ್ತು. ಅದರ ಸದ್ದಿಲ್ಲದ ಮನೆಯಲ್ಲಿ ನನಗೆ ಅನ್ನ ಇಳಿಯಲಿಲ್ಲ. ಶಿರಹಟ್ಟಿ ಬಸ್ಸಿನ ಡ್ರೈವರನ ಕೈಯಲ್ಲಿ ಮರಿಗಳನ್ನು ಗುಡ್ಡಕ್ಕೆ ಬಿಟ್ಟುಬರೋಣ ಬಾ ಎಂದು ಅಜ್ಜನಿಗೆ ಹೇಳಿ ಕಳಿಸಿದೆ.

ನಮ್ಮವರು ಬರಲಿ, ಅವರನ್ನು ಕೇಳದೆ ಹೇಗೆ ಎಂದು ಬಂದ ಅಜ್ಜ ಅಂದ. ನಾನು ಕಾಯಲಿಲ್ಲ. ಚಕ್ಕಡಿಯಲ್ಲಿ ಹುಲ್ಲಿನ ನಡುವೆ, ಬಾಯಿಗೆ ಎರಡು ಪದರ ಗೋಣಿ ಹೊಲಿದ ಗಡಿಗೆ ಇಟ್ಟುಕೊಂಡು ಕಪ್ಪತಗುಡ್ಡದ ಬುಡಕ್ಕೆ ಹೋದೆವು. ಊರು, ಹೊಲ ಎಲ್ಲ ಹಿಂದೆ ಬಿದ್ದ ಮೇಲೆ ಅಜ್ಜ ಒಂದು ಹಳ್ಳದ ದಂಡೆಯಲ್ಲಿ ಗೋಣಿ ಕೊಯ್ದು ಗಡಿಗೆ ಹೊರಳಿಸಿ ದೂರ ಸರಿದ. ಹನ್ನೆರಡೂ ಒಂದೊಂದಾಗಿ ಹೊರಬಂದವು. ಒಂದು ಕಲ್ಲಿನ ಕಡೆಗೆ, ಒಂದು ಪೊದೆಯ ಕಡೆಗೆ, ಒಂದು ನೀರಿನ ಕಡೆಗೆ ಹೋಯಿತು. ಯಾವುದೂ ಇನ್ನೊಂದರ ಹಿಂದೆ ಹೋಗಲಿಲ್ಲ. ಅವನ್ನು ನೋಡುತ್ತ ನನಗೆ ಅಳು ಬಂತು. ಹೆದರಿಕೆ ಇಳಿದು ಬಂದ ಅಳುವೋ, ಇಷ್ಟು ತಿಂಗಳು ಕಾದದ್ದನ್ನು ಕೈಯಾರೆ ಬಿಟ್ಟ ಅಳುವೋ ಹೇಳಲಾರೆ.

ಒಂಬತ್ತನೆಯ ದಿನಕ್ಕೆ ನಮ್ಮವರನ್ನು ಬಿಟ್ಟರು. ಗಡ್ಡ ಬೆಳೆದಿತ್ತು, ಅಂಗಿಯ ತೋಳು ಹರಿದಿತ್ತು. ನೇರ ಒಳಕೋಣೆಗೆ ಹೋದರು. ಎರಡು ಪೆಟ್ಟಿಗೆಯಲ್ಲಿ ಎರಡು ಹಾವು ಇದ್ದವು, ಗಡಿಗೆ ಇರಲಿಲ್ಲ. ನಾನು ನಡೆದದ್ದೆಲ್ಲ ಹೇಳಿದೆ. ಕಾಕಾನ ಕಾಲಿನ ಮಾತು ಬಂದಾಗ ಅವರ ಮುಖದ ಬಣ್ಣ ಹೋಯಿತು. ಆದರೂ, "ಒಂದ ಒಂದು ಮರಿ ಇಡಬೇಕಾಗಿತ್ತು. ಮುಂಬೈಯವರಿಗೆ ನಾ ಏನು ತೋರಸ್ಲಿ?" ಎಂದರು. ಆಮೇಲೆ ಒಂದು ವಾರ ನನ್ನೊಡನೆ ಮಾತಿಲ್ಲ. ಕಾಕಾನ ಮನೆಗೆ ಮಾತ್ರ ಹೋಗಿ, ಅವರ ಕುಣಿಯ ತೂತುಗಳನ್ನೂ ನಮ್ಮ ಗೋಡೆಯ ತೂತನ್ನೂ ತಾವೇ ಗಚ್ಚಿನಿಂದ ಮುಚ್ಚಿ ಬಂದರು. ಮಗ್ಗ ಮತ್ತೆ ನಡೆಯಿತು.

ಮಾತು ಶುರುವಾದದ್ದು ಮುಂಬೈಯ ಪತ್ರದಿಂದ. ನಮ್ಮವರು ಬರೆದಿದ್ದ ಮರಿಯ ಸುದ್ದಿಗೆ ಅಲ್ಲಿಯವರು ಕೇಳಿದ್ದರು: ಹಾವುಗಳನ್ನು ಕೂಡಿ ಇಟ್ಟಿರೋ, ಬೇರೆ ಇಟ್ಟಿರೋ? ಎಷ್ಟು ದಿನ ಕೂಡಿಸಿದಿರಿ? ಯಾವಾಗ ತಿನ್ನಿಸಿದಿರಿ? ನಮ್ಮವರು ಕಾಗದ, ಶಾಯಿ ಇಟ್ಟುಕೊಂಡು ಬಹಳ ಹೊತ್ತು ಕುಳಿತರು. ನಾನು ಜೋಳ ಬೀಸುತ್ತಿದ್ದೆ.

"ಆ ವಹಿ ಎಲ್ಲಿ ಐತಿ?" ಎಂದರು.

ಕೊಟ್ಟೆ. ಒಂದು ಪುಟ ತಿರುವಿ, "ನೀನ ಹೇಳು, ನಾ ಬರಕೋತೇನಿ" ಎಂದರು.

ನಾನು ಹೇಳಿದೆ. ವರ್ಷವೆಲ್ಲ ಬೇರೆ ಇಡಬೇಕು. ಒಂದರ ಮುಂದೆ ಇನ್ನೊಂದಕ್ಕೆ ತಿನ್ನಲು ಹಾಕಬಾರದು. ಹೆಣ್ಣು ಮೈ ತುಂಬಿಕೊಂಡ ಮೇಲೆ, ಚಳಿಯ ಕೊನೆಗೆ, ಹೊಟ್ಟೆ ತುಂಬಿದ್ದಾಗ ಕೂಡಿಸಬೇಕು, ಕಣ್ಣು ಮುಚ್ಚದೆ ಕಾಯಬೇಕು, ಕೆಲಸವಾದ ಕೂಡಲೇ ಅಗಲಿಸಬೇಕು. ಬಡಿತವಿರುವ ಗೋಡೆಗೆ ಹಚ್ಚಬಾರದು. ಅವರು ಇಂಗ್ಲಿಷಿನಲ್ಲಿ ಬರೆಯುತ್ತ ಹೋದರು. ಕೊನೆಗೆ ಸಹಿಯ ಮೇಲೆ ಒಂದು ಸಾಲು ಸೇರಿಸಿ, ಅದನ್ನು ಕನ್ನಡದಲ್ಲಿ ಓದಿ ಹೇಳಿದರು: ಇದನ್ನೆಲ್ಲ ನೋಡಿ ಮಾಡಿದವರು ನನ್ನ ತಾಯಿ ಮತ್ತು ನನ್ನ ಹೆಂಡತಿ, ನಾನು ಬರೆದವನು ಮಾತ್ರ.

ಪಡಸಾಲೆಯಿಂದ ಅತ್ತೆಯವರು, "ನಂದು ಯಾಕ ಬರದಿ?" ಎಂದರು. ಅಳಿಸು ಎನ್ನಲಿಲ್ಲ.

ದೊಡ್ಡ ಹಾವು ಎರಡನ್ನೂ ಮಳೆಗಾಲ ಮುಗಿದ ಮೇಲೆ ಮುಂಬೈಗೆ ಕಳಿಸಿದೆವು. ಸ್ಟೇಷನ್ನಿನ ಪಾರ್ಸಲ್ ಗುಮಾಸ್ತ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿದರೆ ಸಾಲದೇ ಎಂದು ಕೇಳಿದ. ನಮ್ಮವರು ಸಾಲದು ಎಂದರು. ಎರಡು ವಾರಕ್ಕೆ ಒಂದು ಕಾರ್ಡು ಬಂತು: ಎರಡೂ ಜೀವಂತ ತಲುಪಿವೆ, ಆಹಾರ ತಿಂದಿವೆ. ಮುಂದೆ ಅವು ಏನಾದವೋ ನಮಗೆ ತಿಳಿಯಲಿಲ್ಲ, ನಾವು ಮತ್ತೆ ಹಾವು ಸಾಕಲಿಲ್ಲ. ರಾಜ್ಯ ಒಂದಾದ ಮರುವರ್ಷ ನಮ್ಮವರಿಗೆ ಮುಂಡರಗಿಯಲ್ಲಿ ಕೆಲಸ ಸಿಕ್ಕಿ ಬೆಟಗೇರಿಯ ಮನೆ ಬಿಟ್ಟೆವು.

ಆ ಕಾರ್ಡು ಬಂದ ದಿನ ಅದನ್ನು ಅತ್ತೆಯವರಿಗೆ ಓದಿ ಹೇಳಿದ್ದೆ. ಅವರು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. "ಹೆಣ್ಣೂ ತಿಂದೈತಂತೇನು?" ಎಂದು ಕೇಳಿದರು.

"ತಿಂದೈತಂತ್ರಿ."

"ಆತು ಬಿಡು" ಎಂದು ಮೊರದಲ್ಲಿ ಉಳಿದಿದ್ದ ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದರು.